ದಣಿವಿಲ್ಲದ ಪೇಟಿ

ಧಾರವಾಡ ಸೀಮೆಯವರಾದ ನಮಗೆ ಸಂಗೀತದ ವಿಷಯದಲ್ಲಿ ಒಂದು ಬಗೆಯ ಜಂಬವಿದೆ. ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ ಅವರು, ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಗದುಗಿನ ಭೀಮಸೇನ ಜೋಶಿಯವರು ಎಂದು ಬೆರಳು ಮಡಿಚಿ ಎಣಿಸುತ್ತೇವೆ. ಎಣಿಸಿದ ಮೇಲೆ ಮಿಕ್ಕ ಲೋಕದ ಹಾಡಿಕೆಯೆಲ್ಲ ಗದ್ದಲವೆಂದು ತೀರ್ಪು ಕೊಟ್ಟುಬಿಡುತ್ತೇವೆ. ಹಾಗೆ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಕೊಟ್ಟ ತೀರ್ಪನ್ನು ಈಗ ಮರುವಿಚಾರಣೆಗೆ ತೆಗೆದುಕೊಳ್ಳಬೇಕಾಗಿ ಬಂದಿದೆ. ಆ ಕೆಲಸವನ್ನು ವಾಚಕರ ಎದುರಿಗೇ ಮಾಡುವುದು ನ್ಯಾಯವೆಂದು ಬಗೆದು ಇದನ್ನು ಬರೆಯುತ್ತಿದ್ದೇನೆ.

ಕಟಕಟೆಯಲ್ಲಿ ನಿಂತವರು ಯಾರು? ೧೯೭೯ರಿಂದ ನಾಲ್ಕೈದು ವರ್ಷಗಳ ಕಾಲ ಇಂಗ್ಲಂಡದಲ್ಲಿ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಮೇಲೆ ಹಾಡು ಕಟ್ಟಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಕಣ್ಣು ಕುಕ್ಕುವ ಉಡುಪು ತೊಟ್ಟು ಬಂದ ತರುಣ ತರುಣಿಯರು ಒಂದು ಕಡೆ. ಅವರಾದ ಮೇಲೆ, ೧೯೮೭ರಲ್ಲಿ, ನಮ್ಮ ಕನ್ನಡದಲ್ಲಿಯೇ ಬಂದ 'ಪ್ರೇಮಲೋಕ' ಎಂಬ ಚಲಚ್ಚಿತ್ರದ ಹಾಡುಗಳು ಇನ್ನೊಂದು ಕಡೆ. ಎರಡರ ಮೇಲೂ ಹೊರಿಸಿದ ಆಪಾದನೆ ಒಂದೇ: ಹಾಡಿನಲ್ಲಿ ಯಂತ್ರ ಹೆಚ್ಚು, ಹಾಡುವವರಲ್ಲಿ ಬಟ್ಟೆ ಹೆಚ್ಚು. ಈ ಆಪಾದನೆಯಲ್ಲಿ ಹುರುಳೆಷ್ಟು ಎಂಬುದೇ ಇಂದಿನ ಪ್ರಶ್ನೆ.

ಮೊದಲು ನನ್ನ ಊರಿನ ಮಾತು. ಊರು ಮೊರಬ, ನವಲಗುಂದ ತಾಲೂಕು. ಮಳೆ ಬಿದ್ದರೆ ಕಾಲು ಕಿತ್ತಿಡಗೊಡದ, ಬಿಸಿಲು ಬಿದ್ದರೆ ಬಾಯಿ ಬಿಡುವ ಎರೆಮಣ್ಣಿನ ಸೀಮೆ. 'ಪ್ರೇಮಲೋಕ'ದ ಕ್ಯಾಸೆಟ್ಟು ಊರಿಗೆ ಬಂದದ್ದು ಸಿಂಪಿಗರ ಅಂಗಡಿಯ ಮೂಲಕ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ವರೆಗೆ ಹೊಲಿಗೆಯ ಯಂತ್ರದ ಸದ್ದಿನೊಡನೆ ಅದೇ ಹಾಡು ತಿರುಗಿ ತಿರುಗಿ ಕೇಳಿಸುತ್ತಿತ್ತು. ಹತ್ತಿ ಮಾರಿದ ದುಡ್ಡು ಕೈಗೆ ಬಂದ ಹುಡುಗರು ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಕತ್ತರಿಸಿ ತಂದು, "ಕಾಕಾ, ಹಿಂತಾದ್ದ ಹೊಲದ ಕೊಡ್ರಿ" ಎಂದು ಕೂಡ್ರುತ್ತಿದ್ದರು. ಅಗಲ ಹೆಗಲಿನ ಅಂಗಿ, ಮಿಂಚುವ ಗುಂಡಿ. ವರ್ಷಕ್ಕೆ ಎರಡು ಜೊತೆ ಬಟ್ಟೆ ಕಾಣುವ ಮನೆಗಳ ಹುಡುಗರೂ ಅವರಲ್ಲಿದ್ದರು.

ನನ್ನ ತಮ್ಮ ಆಗ ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುತ್ತಿದ್ದ. ಊಟದ ಖರ್ಚಿನಲ್ಲಿ ಉಳಿಸಿದ ಹಣದಿಂದ ಯಾರೋ ಬಳಸಿ ಬಿಟ್ಟ ಒಂದು ಕ್ಯಾಸಿಯೊ ಕೀಬೋರ್ಡನ್ನು ಕೊಂಡು ತಂದ. ಅಂಗಿಯನ್ನೂ ಹೊಲಿಸಿದ್ದ. ಪಡಸಾಲೆಯಲ್ಲಿ ಕುಳಿತು ಆ ಸಿನೇಮಾದ ಸ್ವರಗಳನ್ನು ಹುಡುಕುತ್ತಿದ್ದಾಗ ನಾನು ಶಾಲೆಯಿಂದ ಬಂದೆ. ಮನೆಯಲ್ಲಿ ನಾಲ್ಕು ಮಂದಿ ಇದ್ದರು. ಅವರ ಮುಂದೆಯೇ, "ಇದು ವಾದ್ಯ ಅಲ್ಲ, ಆಟಿಗಿ ಸಾಮಾನ. ಬಟ್ಟಿ ಹಾಕ್ಕೊಂಡ ಮೆರಿಯಾವಗ ಸಂಗೀತ ಹತ್ತೂದಿಲ್ಲ" ಎಂದು ಹೇಳಿದೆ. ಮಾಸ್ತರಿಕೆಯ ದನಿಯಲ್ಲಿ ಹೇಳಿದೆ. ಅವನು ತಿರುಗಿ ಮಾತಾಡಲಿಲ್ಲ. ಹದಿನೈದು ದಿನಗಳಲ್ಲಿ ಕೀಬೋರ್ಡು ಮಾರಿಹೋಗಿತ್ತು.

ಆ ಹದಿನೈದು ದಿನಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಸೋದರಮಾವ ಪ್ರಾಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಅವರು ಬಾರಿಸುತ್ತಿದ್ದುದು ಕಾಲಿನಿಂದ ತಿದಿ ತುಳಿಯುವ ಕಾಲುಪೇಟಿ. ಮುಪ್ಪಿನಲ್ಲಿ ನಮ್ಮ ಮನೆಗೆ ಬಂದಿದ್ದರು. ತಮ್ಮನ ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅಳ್ಯಾ, ಇದನ್ನ ತುಳಿಯೂದು ಎಲ್ಲೆ?" ಎಂದು ಕೇಳಿದರು. "ತುಳಿಯೂದ ಇಲ್ಲ ಮಾಮಾ, ಕರೆಂಟ್ ಐತಿ" ಎಂದ ತಮ್ಮ. ಮಾವ ಒಂದು ಮನೆಯನ್ನು ಒತ್ತಿ ಹಿಡಿದರು. ಸ್ವರ ನಿಂತೇ ನಿಂತಿತು. ಬಹಳ ಹೊತ್ತು ಆಲಿಸಿ, "ಇದಕ್ಕ ದಣಿವ ಇಲ್ಲಲ್ಲೊ! ದಣಿವ ಇಲ್ಲದ್ದರ ಮುಂದ ಹಾಡೂದು ಭಾಳ ತ್ರಾಸಪಾ. ಅದರ ಪಾಲಿಂದೂ ಹಾಡಾಂವನ ದಣೀಬೇಕು" ಎಂದರು. ನಿಂದಿಸಲೂ ಇಲ್ಲ, ಹೊಗಳಲೂ ಇಲ್ಲ.

ಈ ಮಾತು ನೆನಪಾಗಲು ಮೂರೂವರೆ ದಶಕ ಹಿಡಿಯಿತು. ತಮ್ಮನ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಒಮ್ಮೆ ಹೋಳಿಗೆ, ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆಂದು ಬಂದವಳು ತನ್ನ ಫೋನಿನಲ್ಲಿ ಇಂಗ್ಲಂಡದ ಹಳೆಯ ಹಾಡುಗಳನ್ನು ಕೇಳುತ್ತಿದ್ದಳು. ನನ್ನ ಮುಖ ನೋಡಿ, "ದೊಡ್ಡಪ್ಪಾ, ಬೈಯೂದು ಆಮ್ಯಾಲೆ ಇರ್ಲಿ, ಮೊದಲ ಪೂರ್ತಿ ಕೇಳ್ರಿ" ಎಂದಳು. ಕೇಳಿದೆ. ಒಂದು ವಾರ ಕೇಳಿದೆ. ಅವಳು ಹೋದ ಮೇಲೂ ಹುಡುಕಿ ಹುಡುಕಿ ಕೇಳಿದೆ. ಬೈಗುಳ ಬಾಯಿಗೆ ಬರಲಿಲ್ಲ. ಮಾವನ ಮಾತು ಬಂದಿತು.

ಈ ಹಾಡುಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಅಮೇರಿಕದ ರಾಬರ್ಟ್ ಮೂಗ್ ಎಂಬಾತ ೧೯೬೪ರಲ್ಲಿ ಸಿಂಥಸೈಜರನ್ನು ರೂಪಿಸಿದ. ಮೊದಮೊದಲು ಅದು ಗೋಡೆಯಷ್ಟು ದೊಡ್ಡ ಸಲಕರಣೆ. ಶ್ರೀಮಂತರಿಗೂ ವಿಶ್ವವಿದ್ಯಾಲಯಗಳಿಗೂ ಮಾತ್ರ ಎಟುಕುವಂಥದು. ೧೯೭೦ರಲ್ಲಿ ಅದರ ಚಿಕ್ಕ ರೂಪ ಬಂದಿತು. ಆ ದಶಕ ಮುಗಿಯುವುದರೊಳಗೆ ಜಪಾನಿನಿಂದ ಅಗ್ಗದ ವಾದ್ಯಗಳು ಬಂದವು. ಜರ್ಮನಿಯ ಕ್ರಾಫ್ಟ್‌ವೆರ್ಕ್ ಎಂಬ ತಂಡ ೧೯೭೪ರಲ್ಲಿಯೇ ಇಂಥ ವಾದ್ಯಗಳಿಂದ ಹೆದ್ದಾರಿಯ ಓಟವನ್ನು ಸಂಗೀತವಾಗಿಸಿ ದಾರಿ ತೋರಿಸಿತ್ತು. ಇಂಗ್ಲಂಡದಲ್ಲಿ ೧೯೭೯ರಲ್ಲಿ ಗ್ಯಾರಿ ನ್ಯೂಮನ್ ಎಂಬ ತರುಣನ ಹಾಡು ಜನಪ್ರಿಯತೆಯ ಪಟ್ಟಿಯ ತುದಿಗೆ ಏರಿದಾಗ, ಬೆರಳು ಪಳಗದ ಹುಡುಗರಿಗೂ ಧೈರ್ಯ ಬಂದಿತು.

ಆ ಹುಡುಗರು ಎಲ್ಲಿಯವರು ಎಂಬುದನ್ನು ಗಮನಿಸಬೇಕು. ಶೆಫೀಲ್ಡ್ ಉಕ್ಕಿನ ಊರು. 'ಹ್ಯೂಮನ್ ಲೀಗ್' ತಂಡ ಅಲ್ಲಿಯದು. ಅದನ್ನು ಕಟ್ಟಿದ ಇಬ್ಬರು ಗಣಕಯಂತ್ರದ ನೌಕರರು. ಅವರ ಗಾಯಕ ಫಿಲ್ ಓಕಿ ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುತ್ತಿದ್ದವನು. 'ಡ್ಯುರಾನ್ ಡ್ಯುರಾನ್' ಮೋಟಾರು ಕಾರ್ಖಾನೆಗಳ ಬರ್ಮಿಂಗ್‌ಹ್ಯಾಮಿನದು. ೧೯೮೦ರ ಮೊದಲ ತಿಂಗಳುಗಳಲ್ಲಿ ಉಕ್ಕಿನ ಕಾರ್ಮಿಕರ ದೊಡ್ಡ ಮುಷ್ಕರ ನಡೆಯಿತು. ೧೯೮೨ರ ಜನವರಿಯಲ್ಲಿ ಆ ದೇಶದ ನಿರುದ್ಯೋಗಿಗಳ ಸಂಖ್ಯೆ ೩೦ ಲಕ್ಷವನ್ನು ದಾಟಿತು. ಕಾರ್ಖಾನೆ ಮುಚ್ಚಿದ ಊರಿನ ಮಕ್ಕಳು ರಾಜಕುಮಾರರಂತೆ ಉಡುಪು ತೊಟ್ಟು ಹೊರಬಿದ್ದ ಕಾಲ ಅದು.

ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ 'ಬ್ಲಿಟ್ಜ್' ಎಂಬ ಪಾನಗೃಹ. ೧೯೭೯ ಮತ್ತು ೧೯೮೦ರಲ್ಲಿ ಪ್ರತಿ ಮಂಗಳವಾರ ರಾತ್ರಿ ಅಲ್ಲಿ ಸ್ಟೀವ್ ಸ್ಟ್ರೇಂಜ್ ಎಂಬ ತರುಣ ಬಾಗಿಲಲ್ಲಿ ನಿಂತು ಬಂದವರ ಉಡುಪನ್ನು ನಿರುಕಿಸಿ ಒಳಗೆ ಬಿಡುತ್ತಿದ್ದ. ಹಣವಿದ್ದು ಕಲ್ಪನೆಯಿಲ್ಲದವನಿಗೆ ಪ್ರವೇಶವಿಲ್ಲ. ಕಲ್ಪನೆಯಿದ್ದು ಹಣವಿಲ್ಲದವನಿಗೆ ಉಂಟು. ಕಲಾಶಾಲೆಯ ವಿದ್ಯಾರ್ಥಿಗಳು, ಪಾಳುಮನೆಗಳಲ್ಲಿ ಬಾಡಿಗೆಯಿಲ್ಲದೆ ವಾಸಿಸುವವರು, ಹಳೆಯ ಬಟ್ಟೆಗಳನ್ನೂ ರಂಗಭೂಮಿಯ ಹಳೆಯ ಪೋಷಾಕುಗಳನ್ನೂ ತಂದು ಕತ್ತರಿಸಿ ತಿದ್ದಿ ತೊಡುತ್ತಿದ್ದರು. ಮುಂದೆ ಲೋಕಪ್ರಸಿದ್ಧನಾದ ಬಾಯ್ ಜಾರ್ಜ್ ಅಲ್ಲಿ ಬಂದವರ ಕೋಟುಗಳನ್ನು ಕಾಯುತ್ತಿದ್ದ ಹುಡುಗ. ಮೊರಬದ ಸಿಂಪಿಗರ ಅಂಗಡಿಯನ್ನು ಕಂಡ ನನಗೆ ಈ ಬ್ಲಿಟ್ಜಿನ ಬಾಗಿಲು ಪರಕೀಯವೆನಿಸಲಿಲ್ಲ. ಬಡವನು ತೊಟ್ಟ ಬೆಡಗಿನ ಅಂಗಿ ಸೊಕ್ಕಿನ ಗುರುತೆಂದು ನಾನು ತಿಳಿದಿದ್ದೆ. ಅದು ಮಾನದ ಬೇಡಿಕೆಯಾಗಿತ್ತು.

ಈಗ ಯಂತ್ರದ ಆಪಾದನೆಗೆ ಬರೋಣ. ೧೯೮೨ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆಯು ಸಿಂಥಸೈಜರುಗಳನ್ನೂ ತಾಳಯಂತ್ರಗಳನ್ನೂ ನಿಷೇಧಿಸಬೇಕೆಂದು ಠರಾವು ಮಾಡಿತು. ವಾದ್ಯವೃಂದದವರ ಹೊಟ್ಟೆಯ ಮೇಲೆ ಹೊಡೆಯುವ ಯಂತ್ರವಿದು ಎಂಬುದು ಅವರ ದುಃಖ; ಅದು ಸುಳ್ಳು ದುಃಖವೇನೂ ಅಲ್ಲ. ಆದರೆ ಈ ಠರಾವನ್ನು ಓದಿದ ಕೂಡಲೆ ನಮ್ಮ ಪೇಟಿಯ ಚರಿತ್ರೆ ಕಣ್ಣಿಗೆ ಕಟ್ಟಿತು. ಪೇಟಿಯಾದರೂ ನಮ್ಮ ನೆಲದ ವಾದ್ಯವೇ? ೧೮೪೦ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಹುಟ್ಟಿ, ಪಾದ್ರಿಗಳ ಜೊತೆಗೆ ಹಡಗು ಹತ್ತಿ ಬಂದು, ಕಲಕತ್ತೆಯಲ್ಲಿ ಕೈತಿದಿಯ ರೂಪ ಪಡೆದು, ನಾಟಕ ಕಂಪನಿಗಳ ಬೆನ್ನೇರಿ ಹಳ್ಳಿ ಹೊಕ್ಕ ಪರದೇಶಿ ಅದು. ಅದಕ್ಕೆ ಮೀಂಡು ಬಾರದು, ಶ್ರುತಿಯ ಸೂಕ್ಷ್ಮ ತಿಳಿಯದು ಎಂದು ಪಂಡಿತರು ದೂರಿದರು. ಆಕಾಶವಾಣಿ ೧೯೪೦ರಿಂದ ೧೯೭೧ರ ವರೆಗೆ ಅದಕ್ಕೆ ಬಾಗಿಲು ಮುಚ್ಚಿತ್ತು. ಅದೇ ಪೇಟಿಯಿಂದ ಬೆಳಗಾವಿಯ ರಾಮಭಾವು ಬಿಜಾಪುರೆಯವರು (೧೯೧೭–೨೦೧೦) ಎಂಥ ಸಂಗೀತವನ್ನು ಹೊರಡಿಸಿದರೆಂಬುದನ್ನು ಕೇಳಿದವರೇ ಬಲ್ಲರು. ಇಂದು ಪೇಟಿಯಿಲ್ಲದ ಬೈಠಕ್ಕು ನಮಗೆ ಬರಿದಾಗಿ ಕಾಣುತ್ತದೆ.

ತಮಾಷೆಯೆಂದರೆ, ಪೇಟಿಗೆ ಬಾರದ ಮೀಂಡು ಸಿಂಥಸೈಜರಿಗೆ ಬರುತ್ತದೆ. ಮೂಗನ ಚಿಕ್ಕ ವಾದ್ಯದ ಎಡಬದಿಗೆ ಒಂದು ಗಾಲಿಯಿದೆ. ಅದನ್ನು ತಿರುವಿದರೆ ಸ್ವರ ಜಾರುತ್ತದೆ. ಆದ್ದರಿಂದ ಪಂಡಿತರ ಹಳೆಯ ದೂರನ್ನು ಈ ಹೊಸ ವಾದ್ಯಕ್ಕೆ ಹಾಗೆಯೇ ಅಂಟಿಸಲು ಬರುವುದಿಲ್ಲ. ನಿಂತುಕೊಳ್ಳುವ ದೂರು ನಮ್ಮ ಮಾವ ಹೇಳಿದ್ದೊಂದೇ: ಅದಕ್ಕೆ ದಣಿವಿಲ್ಲ. ತಾಳಯಂತ್ರವೂ ಹಾಗೆಯೇ, ಹಾಡುವವನು ಒಂದು ಕ್ಷಣ ತಡೆದರೆ ಅದು ತಡೆಯುವುದಿಲ್ಲ. ಬಾಲಗಂಧರ್ವರ ಕಂಪನಿಯಲ್ಲಿ ತಿರಕವಾ ಖಾನ್ ಸಾಹೇಬರು ತಬಲೆಗೆ ಕುಳಿತಾಗ ತಾಳವು ನಟನ ಉಸಿರನ್ನು ಕಾಯುತ್ತಿತ್ತು. ಯಂತ್ರದ ಮುಂದೆ ಕಾಯುವವರು ಯಾರೂ ಇಲ್ಲ.

ಪೋಷಾಕಿನ ಆಪಾದನೆಗೆ ಉತ್ತರ ಹುಡುಕಲು ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಕುಂದಗೋಳದ ರಾಮಭಾವು (೧೮೮೬–೧೯೫೨), ಅಬ್ದುಲ್ ಕರೀಂ ಖಾನರ ಶಿಷ್ಯ, ಗಂಗೂಬಾಯಿಯವರಿಗೂ ಭೀಮಸೇನರಿಗೂ ಗುರು. ಇವರಿಗೆ 'ಸವಾಯಿ ಗಂಧರ್ವ' ಎಂಬ ಬಿರುದು ಬಂದದ್ದು ರಂಗಭೂಮಿಯ ದಿನಗಳಲ್ಲಿ. ಸೀರೆ ಉಟ್ಟು, ಬಳೆ ತೊಟ್ಟು, ಸ್ತ್ರೀಪಾತ್ರದಲ್ಲಿ ನಿಂತು ಹಾಡಿದವರು ಅವರು. ಅವರ ಸಮಕಾಲೀನ ಬಾಲಗಂಧರ್ವರು ಸೀರೆ ಉಟ್ಟ ರೀತಿಯನ್ನು ಮನೆತನಸ್ಥ ಹೆಂಗಸರು ಅನುಕರಿಸಿದರು. ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರು ತಾರುಣ್ಯದಲ್ಲಿ ಸ್ತ್ರೀವೇಷದಿಂದಲೇ ಹೆಸರಾದರು. ಶತಾಯುಷಿಗಳಾಗಿ ೨೦೧೭ರಲ್ಲಿ ತೀರಿಕೊಂಡರು. ೧೯೮೨ರಲ್ಲಿ ಬಾಯ್ ಜಾರ್ಜನು ಜಡೆ ಹೆಣೆದು, ತುಟಿಗೆ ಬಣ್ಣ ಹಚ್ಚಿ ದೂರದರ್ಶನದಲ್ಲಿ ಕಾಣಿಸಿಕೊಂಡಾಗ, ಇದು ಗಂಡೋ ಹೆಣ್ಣೋ ಎಂದು ಇಂಗ್ಲಂಡ ದಂಗುಬಡಿಯಿತು. ನಮ್ಮ ಅಜ್ಜಿಯಂಥವರು ಕಂಡಿದ್ದರೆ, "ಪಾತ್ರ ಛಲೋ ಐತಿ, ಹಾಡತಾನೇನ ನೋಡೂಣು" ಎಂದಿಷ್ಟೇ ಅನ್ನುತ್ತಿದ್ದರು.

ಹಾಡುತ್ತಾನೆಯೇ ನೋಡೋಣ ಎಂಬ ಈ ಮಾತಿನಲ್ಲಿಯೇ ವಿಮರ್ಶೆಯ ಸೂತ್ರವಿದೆ ಎಂದು ನನಗೆ ತೋರುತ್ತದೆ. ಈ ಹಾಡುಗಳನ್ನು ನಾವು ಬೈಠಕ್ಕಿನ ತಕ್ಕಡಿಯಲ್ಲಿ ತೂಗಿದೆವು, ತಪ್ಪಾದದ್ದು ಅಲ್ಲಿ. ಬೈಠಕ್ಕಿನಲ್ಲಿ ಗಾಯಕ ತಾನೇ ತಾನಾಗಿ ಕೂತು ರಾಗವನ್ನು ಬಿಚ್ಚುತ್ತಾನೆ. ಅಲ್ಲಿ ವೇಷಕ್ಕೆ ಕೆಲಸವಿಲ್ಲ. ನಾಟಕದ ಹಾಡಿನಲ್ಲಿ ಒಂದು ಪಾತ್ರ ಹಾಡುತ್ತದೆ. ಅದಕ್ಕೆ ವೇಷ ಬೇಕು, ದೀಪ ಬೇಕು, ಮೂರು ನಾಲ್ಕು ನಿಮಿಷದಲ್ಲಿ ಒಂದು ಸನ್ನಿವೇಶ ನಿಲ್ಲಬೇಕು. ಈ ಬ್ರಿಟಿಷ್ ಹಾಡುಗಳು ನಾಟಕದ ಪದಗಳು. ಅವನ್ನು ರಂಗಭೂಮಿಯ ತಕ್ಕಡಿಗೆ ಹಾಕಿ ಕೇಳಬೇಕಾದ ಪ್ರಶ್ನೆ ಇದು: ವೇಷದೊಳಗೆ ಪಾತ್ರವಿದೆಯೇ? ದಣಿವಿಲ್ಲದ ಯಂತ್ರದ ಎದುರಿಗೆ ದಣಿಯಬಲ್ಲ ಮನುಷ್ಯನೊಬ್ಬ ನಿಂತಿದ್ದಾನೆಯೇ?

ಹೀಗೆ ತೂಗಿದಾಗ ಗಟ್ಟಿಯೂ ಜೊಳ್ಳೂ ಬೇರ್ಪಡುತ್ತವೆ. ಹ್ಯೂಮನ್ ಲೀಗ್ ತಂಡ ೧೯೮೦ರಲ್ಲಿ ಒಡೆಯಿತು. ಕಟ್ಟಿದ ಇಬ್ಬರೂ ಹೊರನಡೆದರು. ಕೈಯಲ್ಲಿ ಸಂಗೀತ ಕಡಿಮೆಯಿದ್ದ ಓಕಿ, ಶೆಫೀಲ್ಡಿನ ನೃತ್ಯಗೃಹವೊಂದರಲ್ಲಿ ಕಂಡ ಇಬ್ಬರು ಶಾಲಾಬಾಲಕಿಯರನ್ನು ತಂಡಕ್ಕೆ ಸೇರಿಸಿಕೊಂಡ. ಹಾಡಿಕೆಯ ಶಿಕ್ಷಣ ಅವರಿಗಿರಲಿಲ್ಲ. ೧೯೮೧ರಲ್ಲಿ ಅವರು ಹೊರತಂದ 'ಡೇರ್' ಎಂಬ ಧ್ವನಿಮುದ್ರಿಕೆಯ ವಾದನವೆಲ್ಲ ಸಿಂಥಸೈಜರು ಮತ್ತು ತಾಳಯಂತ್ರದ್ದು. ಅದರ ಕೊನೆಯ ಹಾಡು 'ಡೋಂಟ್ ಯು ವಾಂಟ್ ಮಿ' ಆ ವರ್ಷದ ಕ್ರಿಸ್ಮಸ್ಸಿಗೆ ದೇಶದ ಅಗ್ರಸ್ಥಾನಕ್ಕೇರಿತು. ಅದು ಒಂದು ಸಂವಾದ. ಪಾನಗೃಹದಲ್ಲಿ ಊಳಿಗ ಮಾಡುತ್ತಿದ್ದವಳನ್ನು ಮೇಲಕ್ಕೆತ್ತಿದವನು ನಾನು ಎಂದು ಗಂಡು ಗದರಿಸುತ್ತಾನೆ. ನನ್ನ ಬಾಳನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ ಎಂದು ಹೆಣ್ಣು ಉತ್ತರಿಸುತ್ತಾಳೆ. ಪಳಗಿದ ಗಾಯಕಿ ಆ ಉತ್ತರವನ್ನು ಕೊಟ್ಟಿದ್ದರೆ ಅದು ಅಲಂಕಾರವಾಗುತ್ತಿತ್ತು. ಈ ಹುಡುಗಿಯ ಕಚ್ಚಾ ಕಂಠದಲ್ಲಿ ಅದು ಸಾಕ್ಷಿಯ ಮಾತಾಗಿದೆ. ಹಿಂದೆ ಯಂತ್ರ ಕದಲದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಅದರ ನಿರ್ದಯತೆಯಿಂದಲೇ ಜಗಳಕ್ಕೆ ಕಾವೇರುತ್ತದೆ.

ಎರಡನೆಯ ಉದಾಹರಣೆ 'ಯಾಜೂ' ಎಂಬ ಜೋಡಿ, ೧೯೮೨. ವಿನ್ಸ್ ಕ್ಲಾರ್ಕ್ ಎಂಬಾತ ಯಂತ್ರಗಳ ಕುಶಲಿ; ಆಲಿಸನ್ ಮೊಯೆ ಅಮೇರಿಕದ ಕರಿಯರ ಶೋಕಗೀತಗಳ ಜಾಡಿನಲ್ಲಿ ಕಂಠ ಪಳಗಿಸಿಕೊಂಡ ಹೆಣ್ಣು. 'ಓನ್ಲಿ ಯು' ಎಂಬ ಅವರ ಮೊದಲ ಹಾಡಿನಲ್ಲಿ ಗಡಿಯಾರದ ಮುಳ್ಳಿನಂತೆ ತಣ್ಣಗೆ ಬೀಳುವ ಸ್ವರಗಳ ಮೇಲೆ ಅವಳ ತುಂಬುಗಂಠ ಭಾರ ಹೊತ್ತು ನಡೆಯುತ್ತದೆ. ಮಾವ ಹೇಳಿದ್ದು ಇಲ್ಲಿ ಅಕ್ಷರಶಃ ಕೇಳಿಸುತ್ತದೆ: ವಾದ್ಯದ ಪಾಲಿನ ದಣಿವನ್ನೂ ಅವಳೇ ದಣಿದಿದ್ದಾಳೆ. ೧೯೮೩ರಲ್ಲಿ ಗಂಡಸಿನ ಸೂಟು ತೊಟ್ಟು, ಕೂದಲು ಕತ್ತರಿಸಿ ಕಿತ್ತಳೆ ಬಣ್ಣ ಹಚ್ಚಿ ನಿಂತ ಆನೀ ಲೆನಕ್ಸ್ ಳ ಹಾಡಿಗೂ ಇದೇ ಮಾತು ಸಲ್ಲುತ್ತದೆ. ವೇಷ ಕಳಚಿದರೂ ಅವಳ ಪಾತ್ರ ನಿಲ್ಲುತ್ತದೆ.

ಎಲ್ಲವೂ ಹೀಗಿಲ್ಲ. ಬ್ಲಿಟ್ಜಿನ ಬಾಗಿಲು ಕಾಯ್ದ ಸ್ಟೀವ್ ಸ್ಟ್ರೇಂಜನ 'ವಿಸಾಜ್' ತಂಡದ ೧೯೮೦ರ ಪ್ರಸಿದ್ಧ ಹಾಡು 'ಫೇಡ್ ಟು ಗ್ರೇ' ಮೊದಲ ಸಲ ಮರುಳು ಮಾಡುತ್ತದೆ; ಮೂರನೆಯ ಸಲಕ್ಕೆ ಬಣ್ಣದ ಹಿಂದೆ ಮುಖ ಸಿಗುವುದಿಲ್ಲ. ಡ್ಯುರಾನ್ ಡ್ಯುರಾನ್ ತಂಡದವರು ೧೯೮೨ರಲ್ಲಿ ಸಿಂಹಳಕ್ಕೆ ಹೋಗಿ, ಸಿಗಿರಿಯದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡರು. ಅಲ್ಲಿ ಬಂಡೆ, ಆನೆ, ಆ ನಾಡಿನ ಜನ ಎಲ್ಲ ನಾಟಕದ ಹಿಂದಿನ ಬಣ್ಣದ ಪರದೆಯಾಗಿಬಿಟ್ಟಿದ್ದಾರೆ. ರಾಗಗಳಲ್ಲಿ ಇಂಪಿದೆ, ಉಡುಪಿನಲ್ಲಿ ಒಪ್ಪವಿದೆ. ಆದರೆ ಯಾರೂ ದಣಿದಿಲ್ಲ. ಹಸಿವಿನ ಊರಿನಿಂದ ಮಾನ ಬೇಡಿ ಹೊರಟ ಬೆಡಗು ಎರಡೇ ವರ್ಷಗಳಲ್ಲಿ ಸಿರಿವಂತಿಕೆಯ ಜಾಹೀರಾತಾದದ್ದು ಈ ಚಳುವಳಿಯ ದುರಂತ.

ಇದೆಲ್ಲ ಪರರ ಕಥೆ, ನಮಗೇಕೆ ಎನ್ನುವವರಿಗೆ ಒಂದು ಸಂಗತಿ ತಿಳಿಸಬೇಕು. ಬೆಂಗಳೂರಿನಲ್ಲಿ ಬೆಳೆದ ಕೊಡವ ತರುಣ ಬಿದ್ದು ಅಪ್ಪಯ್ಯ ೧೯೬೭ರಲ್ಲಿ ಇಂಗ್ಲಂಡಕ್ಕೆ ಹೋದ. ೧೯೭೪ರಲ್ಲಿ ತಟ್ಟೆಯ ಹಿಂಬದಿ ತುಂಬಿಸಲೆಂದು ಉಳಿದ ಹೊತ್ತಿನಲ್ಲಿ ಅವನು ಮುದ್ರಿಸಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ನಿನಲ್ಲಿಯೂ ಅಮೇರಿಕದಲ್ಲಿಯೂ ಮೊದಲ ಸ್ಥಾನ ಪಡೆಯಿತು. ೧೯೭೬ರಲ್ಲಿ ಟೀನಾ ಚಾರ್ಲ್ಸ್ ಎಂಬ ಗಾಯಕಿಗೆ ಅವನು ಕಟ್ಟಿಕೊಟ್ಟ ಹಾಡು ಬ್ರಿಟನ್ನಿನಲ್ಲಿ ಅದೇ ಸ್ಥಾನಕ್ಕೇರಿತು. ಆ ಗಾಯಕಿಯ ಮೇಳದಲ್ಲಿ ವಾದ್ಯ ನುಡಿಸುತ್ತಿದ್ದವರು ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್. ಇವರಿಬ್ಬರೇ 'ಬಗಲ್ಸ್' ಎಂಬ ಹೆಸರಿನಲ್ಲಿ ೧೯೭೯ರಲ್ಲಿ, ದೃಶ್ಯದ ಯುಗ ಬಂದು ರೇಡಿಯೋದ ತಾರೆಯನ್ನು ಕೊಂದಿತೆಂಬ ಹಾಡನ್ನು ಹಾಡಿದರು, ಅಮೇರಿಕದ ಎಂ.ಟಿ.ವಿ. ೧೯೮೧ರ ಆಗಸ್ಟ್ ೧ರಂದು ಆರಂಭವಾದಾಗ ಮೊದಲು ತೋರಿಸಿದ್ದು ಅದನ್ನೇ. ಅದೇ ಹೊತ್ತಿಗೆ ಬಿದ್ದು, ಕರಾಚಿಯ ಬಾಲೆ ನಾಜಿಯಾ ಹಸನಳ ಕಂಠದಲ್ಲಿ ೧೯೮೦ರ 'ಕುರ್ಬಾನಿ' ಚಿತ್ರದ ಹಾಡನ್ನೂ ೧೯೮೧ರಲ್ಲಿ 'ಡಿಸ್ಕೋ ದೀವಾನೆ'ಯನ್ನೂ ನಮ್ಮ ದೇಶಕ್ಕೆ ಕಳಿಸಿದ್ದ. ಆ ಸದ್ದು ಲಂಡನ್ನಿನಲ್ಲಿ ಹದಗೊಳ್ಳುವಾಗ ಕನ್ನಡ ನಾಡಿನ ಒಂದು ಕೈ ಅದರಲ್ಲಿತ್ತು.

ಇನ್ನು 'ಪ್ರೇಮಲೋಕ'. ರವಿಚಂದ್ರನ್ ಅವರ ನಿರ್ದೇಶನ. ಹಂಸಲೇಖ ಅವರದೇ ಸಾಹಿತ್ಯ, ಅವರದೇ ಸಂಗೀತ. ಕಥೆಯ ಮೇಲೆ ೧೯೮೨ರ ಅಮೇರಿಕನ್ ಚಿತ್ರ 'ಗ್ರೀಸ್ ೨'ರ ನೆರಳು ಬಿದ್ದ ಮಾತು ನಿಜ. ಕಾಲೇಜು, ಮೋಟಾರ್ ಸೈಕಲ್ಲು, ಬಣ್ಣದ ಅಂಗಿ, ಕೀಬೋರ್ಡಿನ ಸದ್ದು, ಯಂತ್ರದ ತಾಳ. ಇಷ್ಟನ್ನು ನೋಡಿಯೇ ನಾನು ಅಂದು ಮುಖ ತಿರುಗಿಸಿದ್ದೆ. ಈಗ ಆಲಿಸಿದರೆ ಅಲ್ಲಿ ಬೇರೊಂದು ಪರಂಪರೆಯ ದನಿ ಕೇಳಿಸುತ್ತದೆ. ಹಂಸಲೇಖರ ಹಾಡುಗಳು ಮಾತಾಡುತ್ತವೆ. ಪ್ರಶ್ನೆಗೆ ಉತ್ತರ, ಚುಚ್ಚುಮಾತಿಗೆ ತಿರುಗೇಟು, ಗುಂಪಿನ ಕೇಕೆ, ನಡುವೆ ಬರಿಯ ಮಾತು. ಕೃಷ್ಣಪಾರಿಜಾತದಲ್ಲಿ ನಡೆಯುವ ವಾದವನ್ನು ಕೇಳಿದವರಿಗೆ, ಕಂಪನಿ ನಾಟಕದಲ್ಲಿ ಮಾತು ಹಾಡಾಗಿ ಹೊರಳುವ ಗಳಿಗೆಯನ್ನು ಕಂಡವರಿಗೆ, ಇದು ಅಪರಿಚಿತವಾಗಲಾರದು. ಕನ್ನಡದ ಚಿತ್ರಗೀತ ಅಲ್ಲಿಯ ವರೆಗೆ ಬಹುಮಟ್ಟಿಗೆ ಕವಿತೆಯ ಭಾಷೆಯಲ್ಲಿ ಹಾಡುತ್ತಿತ್ತು. ಇದು ಬೀದಿಯ ಕನ್ನಡದಲ್ಲಿ ಹಾಡಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿಯವರಂಥ ದಣಿಯಬಲ್ಲ ಕಂಠಗಳು ಯಂತ್ರದ ಎದುರಿಗೆ ನಿಂತು ಆ ಮಾತಿಗೆ ಉಸಿರು ಕೊಟ್ಟವು.

ದೋಷವಿಲ್ಲವೇ? ಇದೆ. ಶೆಫೀಲ್ಡಿನ ಹುಡುಗಿ ತನ್ನ ಉತ್ತರವನ್ನು ತಾನೇ ಕೊಟ್ಟಳು. 'ಪ್ರೇಮಲೋಕ'ದ ಹುಡುಗಿ ಜಾಣೆ, ಬಾಯಾಳಿ. ಆದರೂ ಅವಳ ಉತ್ತರಗಳು ಬಹಳ ಸಲ ಹುಡುಗನ ಬಯಕೆಯೇ ಬರೆದುಕೊಟ್ಟಂತೆ ಇವೆ. ಚುಡಾಯಿಸುವುದನ್ನೇ ಪ್ರೇಮವೆಂದು ತಿಳಿದ ಒಂದು ತಲೆಮಾರಿಗೆ ಇದರಿಂದ ಸಿಕ್ಕ ಪುಷ್ಟಿಯನ್ನು ನಾನು ಶಾಲೆಯ ಮಾಸ್ತರನಾಗಿ ಕಂಡಿದ್ದೇನೆ. ಇದರ ಹಿಂದೆ ಬಂದ ಅನೇಕ ಅನುಕರಣಗಳಾದರೋ ಕೀಬೋರ್ಡನ್ನೂ ಅಂಗಿಯನ್ನೂ ಇಟ್ಟುಕೊಂಡು ಸಂವಾದವನ್ನು ಬಿಟ್ಟುಬಿಟ್ಟವು. ಪಾತ್ರ ಹೋಗಿ ವೇಷ ಉಳಿಯಿತು. ಆಪಾದನೆಯ ಹುರುಳು ಇಷ್ಟು. ಹುರುಳಿದ್ದಷ್ಟಕ್ಕೆ ಶಿಕ್ಷೆಯಾಗಲಿ, ಯಂತ್ರಕ್ಕೂ ಅಂಗಿಗೂ ಆಗುವುದು ಬೇಡ.

ಈ ಮಾತುಗಳನ್ನು ೧೯೮೮ರಲ್ಲಿ ಮೊರಬದ ಪಡಸಾಲೆಯಲ್ಲಿ ಹೇಳುವ ತಿಳಿವಳಿಕೆ ನನಗಿರಲಿಲ್ಲ. ನನ್ನಲ್ಲಿ ಇದ್ದದ್ದು ದೊಡ್ಡವರ ಹೆಸರುಗಳು ಮಾತ್ರ. ಆ ದೊಡ್ಡವರಲ್ಲಿ ಒಬ್ಬರು ಸೀರೆ ಉಟ್ಟು ಹಾಡಿದವರು, ಅವರ ಹಿಂದೆ ನುಡಿದದ್ದೂ ಪರದೇಶದ ಪೇಟಿಯ ಕುಲದ್ದೇ ಎಂಬುದು ಗೊತ್ತಿದ್ದೂ ನೆನಪಾಗಲಿಲ್ಲ. ವಿಮರ್ಶಕನೆನಿಸಿಕೊಂಡವನು ಪೂರ್ತಿ ಕೇಳದೆ ಆಡಿದ ಒಂದು ಮಾತಿಗೆ ಬೆಲೆ ತೆತ್ತವನು ನನ್ನ ತಮ್ಮ. ಅವನು ಈಗ ನವಲಗುಂದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ದೊಡ್ಡ ವಾದಕನಾಗುತ್ತಿದ್ದನೆಂದು ನಾನು ಹೇಳುವುದಿಲ್ಲ. ನಾಲ್ಕು ಮದುವೆಗಳಲ್ಲಿ ನುಡಿಸುತ್ತಿದ್ದನೋ ಏನೋ. ಸಂಜೆಗಳನ್ನು ತನ್ನದಾಗಿ ಕಳೆಯುತ್ತಿದ್ದನೆಂಬುದಂತೂ ಖಂಡಿತ.

ಇದನ್ನು ಬರೆದು ಮುಗಿಸಿದ ಮೇಲೆ ಅವನಿಗೆ ಓದಿ ತೋರಿಸಿದೆ. ಕೈಯಲ್ಲಿ ಪಾವತಿಯ ಪುಸ್ತಕ ಹಿಡಿದೇ ಕೇಳಿದ. ಮುಗಿದ ಮೇಲೆ, "ಅಣ್ಣಾ, ಅದು ಬಾಳ ಹಳೇ ಮಾತು ಬಿಡು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆ ಕ್ಯಾಸಿಯೊದಾಗ ಕಡೀ ಮನಿ ಒಂದು ಸರಿ ಇದ್ದಿದ್ದಿಲ್ಲ. ಒತ್ತಿದ್ರ ಜಲ್ದಿ ಸತ್ತುಹೋಗತಿತ್ತು. ಮಾಮಾ ಅದೊಂದನ್ನ ನೋಡಲಿಲ್ಲ" ಎಂದು ಹೇಳಿ ಗಿರಾಕಿಯ ಕಡೆ ತಿರುಗಿದ.